ಅದು ಆಕ್ಸಿಜನ್ ಸಿಲಿಂಡರ್ ಅಲ್ಲ ಮಾರಾಯ್ರೇ

ಪ್ರಶ್ನೆ: ಡಿಸೆಂಬರಿನಲ್ಲಿ ಮುರ್ಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪಕ್ಕೆ ಸ್ಕೂಬಾ ಮಾಡಲು ಹೋಗುತ್ತಿದ್ದೇವೆ. ಆಕ್ಸಿಜನ್ ಸಿಲಿಂಡರ್ ಎಷ್ಟು ಹೊತ್ತು ಬರುತ್ತದೆ?

ಲೆಕ್ಕ ಮೊದಲು ಮುಗಿಸಿಬಿಡೋಣ. 12 ಲೀಟರಿನ ಸಿಲಿಂಡರಿಗೆ 200 ಬಾರ್ ಒತ್ತಡದಲ್ಲಿ ತುಂಬಿದರೆ 2400 ಲೀಟರ್. 50 ಬಾರ್ ಉಳಿದಿರುವಾಗಲೇ ಮೇಲೆ ಬರಬೇಕು, ಹಾಗಾಗಿ ಕೈಗೆ ಸಿಗುವುದು 1800. ನೆಲದ ಮೇಲೆ ನಿಮಿಷಕ್ಕೆ 20 ಲೀಟರ್ ಉಸಿರಾಡುವವರಿಗೆ 10 ಮೀಟರ್ ಆಳದಲ್ಲಿ 40 ಬೇಕು, ಅಲ್ಲಿ ಒತ್ತಡ ಎರಡು ಪಟ್ಟು. ಅಂದರೆ 45 ನಿಮಿಷ. 20 ಮೀಟರಿನಲ್ಲಿ 30. ಗಾಬರಿಬಿದ್ದರೆ ಇನ್ನೂ ಕಮ್ಮಿ. ಮೊದಲ ಸಲದವರನ್ನು 12 ಮೀಟರಿಗಿಂತ ಕೆಳಗೆ ಇಳಿಸುವುದಿಲ್ಲ, ಸಿಲಿಂಡರಿನ ಒತ್ತಡ ತೋರಿಸುವ ಮೀಟರ್ ನೋಡಲು ತರಬೇತುದಾರರು ಪಕ್ಕದಲ್ಲೇ ಇರುತ್ತಾರೆ. ಚಿಂತೆ ಬಿಡಿ.

ಈಗ ಆ 'ಆಕ್ಸಿಜನ್' ವಿಷಯ. ಎಷ್ಟು ಸಲ ಹೇಳಿದ್ದೇನೋ ನನಗೇ ಲೆಕ್ಕ ತಪ್ಪಿದೆ. ಅದರಲ್ಲಿ ಇರುವುದು ಗಾಳಿ. ಸುಮ್ನೆ ಗಾಳಿ. ಮುರ್ಡೇಶ್ವರದ ಬೀದಿಯಲ್ಲಿ ಗೋಳಿಬಜೆ ತಿನ್ನುತ್ತಾ ನೀವು ಉಸಿರಾಡುವ ಅದೇ ಗಾಳಿಯನ್ನು ಸೋಸಿ, ತೇವ ತೆಗೆದು, ಕಂಪ್ರೆಸರಿನಲ್ಲಿ ಅದುಮಿ ತುಂಬಿರುತ್ತಾರೆ. ನೂರಕ್ಕೆ 21 ಪಾಲು ಆಕ್ಸಿಜನ್, ಉಳಿದದ್ದು ಹೆಚ್ಚುಕಮ್ಮಿ ಎಲ್ಲಾ ನೈಟ್ರೋಜನ್.

"ಶುದ್ಧ ಆಕ್ಸಿಜನ್ ಆದರೆ ಇನ್ನೂ ಒಳ್ಳೆಯದು ಅಲ್ವಾ?" ಅಲ್ಲ! ಅದನ್ನು ಕಟ್ಟಿಕೊಂಡು 6 ಮೀಟರ್ ದಾಟಿದರೆ ಅದೇ ವಿಷವಾಗಬಹುದು. ಒತ್ತಡ ಏರಿದಂತೆ ಆಕ್ಸಿಜನ್ ಮಿದುಳನ್ನೇ ಕೆಣಕುತ್ತದೆ, ಸೂಚನೆ ಕೊಡದೆ ಫಿಟ್ಸ್ ಬರಬಹುದು. ದಡದಲ್ಲಾದರೆ ಹಿಡಿದುಕೊಳ್ಳಲು ನಾಲ್ಕು ಜನ ಇರುತ್ತಾರೆ. ನೀರೊಳಗೆ ಬಾಯಿಂದ ರೆಗ್ಯುಲೇಟರ್ (ಸಿಲಿಂಡರಿನ ಗಾಳಿಯನ್ನು ಬಾಯಿಗೆ ಕೊಡುವ ಸಾಧನ) ಜಾರಿತು ಅಂದರೆ ಮುಗಿಯಿತು. ಕೋವಿಡ್ ಕಾಲದಿಂದ ಸಿಲಿಂಡರ್ ಅಂದರೆ ಆಕ್ಸಿಜನ್ ಅಂತ ಎಲ್ಲರ ತಲೆಯಲ್ಲಿ ಕೂತಿದೆ, ಅದು ನನಗೂ ಅರ್ಥವಾಗುತ್ತದೆ. ಆದರೆ ಆಸ್ಪತ್ರೆಯ ಹಾಸಿಗೆ ಸಮುದ್ರದ ತಳದಲ್ಲಿ ಇಲ್ಲವಲ್ಲ.

ಈಗ ಯಾರೋ ಒಬ್ಬರು "ನೈಟ್ರಾಕ್ಸ್?" ಅಂತ ಕೈ ಎತ್ತುತ್ತಾರೆ, ಗೊತ್ತು. ಅದು ಆಕ್ಸಿಜನ್ ಪಾಲು ಹೆಚ್ಚಿಸಿದ ಗಾಳಿ, ಸಾಮಾನ್ಯವಾಗಿ ನೂರಕ್ಕೆ 32 ಪಾಲು ಇರುತ್ತದೆ, ನಿಜ. ಅದು ಹೆಚ್ಚು ಆಳಕ್ಕೆ ಹೋಗಲು ಅಲ್ಲ, ನೈಟ್ರೋಜನ್ ಕಮ್ಮಿ ಮಾಡಲು. ಆಕ್ಸಿಜನ್ ಜಾಸ್ತಿ ಇರುವುದರಿಂದಲೇ ಸುಮಾರು 33 ಮೀಟರಿಗೆ ಅದರ ಗಡಿ ಮುಗಿಯುತ್ತದೆ.

ಇದು ಬರೀ ಹೆಸರಿನ ಜಗಳ ಅಂದುಕೊಳ್ಳಬೇಡಿ. ಉಸಿರಾಡಿದ ನೈಟ್ರೋಜನ್ ಆಳದಲ್ಲಿ ಮೈಯೊಳಗೆ ಕರಗಿ ಕೂತಿರುತ್ತದೆ. ಒತ್ತಡ ಫಕ್ಕನೆ ಇಳಿದರೆ ಗೋಲಿ ಸೋಡಾ ಒಡೆದ ಹಾಗೆ ಗುಳ್ಳೆ ಏಳುತ್ತದೆ. ಹಾರುವ ವಿಮಾನದೊಳಗೆ ಒತ್ತಡ ನೆಲದ ಮೇಲಿಗಿಂತ ಕಮ್ಮಿ, ಅದಕ್ಕೇ ಡೈವ್ ಮುಗಿಸಿ ಅದೇ ಸಂಜೆ ಮಂಗಳೂರಿನಲ್ಲಿ ವಿಮಾನ ಹತ್ತಬೇಡಿ. ಒಂದೇ ಡೈವ್ ಆದರೆ 12 ಗಂಟೆ, ಜಾಸ್ತಿ ಮಾಡಿದ್ದರೆ 18 ಗಂಟೆಯಾದರೂ ಬಿಡಿ.

ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ: ನಾವು ಬಿಟ್ಟ ಉಸಿರು ಎಲ್ಲಿಗೆ ಹೋಗುತ್ತದೆ? ನೇತ್ರಾಣಿಯ ಹವಳದ ಮೇಲಾದರೆ ಗುಳ್ಳೆಯಾಗಿ ಮೇಲೇರುತ್ತದೆ. ಮುಳುಗಿದ ಹಡಗಿನೊಳಗಾದರೆ ಚಾವಣಿಗೆ ಸಿಕ್ಕಿಕೊಳ್ಳುತ್ತದೆ. ಅದರಲ್ಲಿ ಇನ್ನೂ ಆಕ್ಸಿಜನ್ ಉಳಿದಿರುತ್ತದೆ, ಕಬ್ಬಿಣಕ್ಕೆ ತುಕ್ಕು ಹಿಡಿಸಲು ಅಷ್ಟು ಧಾರಾಳ ಸಾಕು. ಈಜಿಪ್ಟಿನ ಕೆಂಪು ಸಮುದ್ರದಲ್ಲಿ ಥಿಸಲ್‌ಗಾರ್ಮ್ ಅಂತ ಬ್ರಿಟಿಷರ ಸರಕು ಹಡಗೊಂದಿದೆ. 1941ರ ಅಕ್ಟೋಬರ್ 6ರಂದು ಜರ್ಮನ್ ಬಾಂಬಿಗೆ ಮುಳುಗಿದ್ದು. ಸುಮಾರು 30 ಮೀಟರ್ ಆಳದಲ್ಲಿ, ಹೊಟ್ಟೆಯೊಳಗೆ ಸೇನೆಯ ಮೋಟಾರ್ ಸೈಕಲ್, ಟ್ರಕ್, ರಬ್ಬರ್ ಬೂಟುಗಳನ್ನು ಇಟ್ಟುಕೊಂಡು ಕೂತಿದೆ. ಅವನ್ನು ನೋಡಲು ನುಗ್ಗಿದವರ ಉಸಿರೇ ಒಳಗೆ ತುಂಬಿಕೊಂಡಿತು. ಕೊನೆಗೆ ಆ ಗಾಳಿ ಹೊರಗೆ ಹೋಗಲಿ ಅಂತ ಹಡಗಿನ ಮೈಗೇ ತೂತು ಕೊರೆದರು.