ಹಡಗಿನವರ ಟಿಕೆಟ್ಟೋ, ನಮ್ಮದೇ ಟಿಕೆಟ್ಟೋ?

ಕಳೆದ ವರ್ಷ ಯುಗಾದಿ ಮುಗಿದ ಮೇಲೆ ನ್ಯೂಜೆರ್ಸಿಯಿಂದ ಒಂದು ಫೋನ್ ಬಂತು. ಮೈಸೂರಿನ ನಮ್ಮ ಹಳೇ ಗ್ರಾಹಕರ ಮಗ. ಅಪ್ಪ ಅಮ್ಮ ಬೇಸಿಗೆಗೆ ಅವನ ಮನೆಗೆ ಹೊರಟಿದ್ದರು. ಅವರ ಟಿಕೆಟ್ ಮಾಡಿಸಿಕೊಟ್ಟವನು ನಾನೇ.

"ಸರ್, ಜುಲೈನಲ್ಲಿ ಅಪ್ಪ ಅಮ್ಮನ್ನ ಅಲಾಸ್ಕಾ ಕ್ರೂಸ್‌ಗೆ ಕರ್ಕೊಂಡು ಹೋಗ್ತಿದ್ದೀನಿ. ಸಿಯಾಟಲ್‌ನಿಂದ ಹಡಗು. ಅಲ್ಲಿವರೆಗೆ ಫ್ಲೈಟ್ ಕೂಡ ನಾವೇ ಕೊಡ್ತೀವಿ ಅಂತಾರೆ ಕ್ರೂಸ್‌ನವರು. ನಾನೇ ಬುಕ್ ಮಾಡಿದ್ರೆ ಸ್ವಲ್ಪ ಕಡಿಮೆ ಬೀಳುತ್ತೆ. ಯಾವುದು ತಗೊಳ್ಳಲಿ?"

ವಿಮಾನ ಸಿಯಾಟಲ್‌ಗೆ ಯಾವತ್ತು, ಎಷ್ಟು ಗಂಟೆಗೆ ಇಳಿಯುತ್ತೆ ಅಂತ ಕೇಳಿದೆ. ಅವನು ನೋಡಿಟ್ಟಿದ್ದ ಎರಡೂ ಟಿಕೆಟ್ ಹಡಗು ಹೊರಡುವ ದಿನದವೇ. ಬೆಳಗಿನ ಜಾವ ನ್ಯೂವಾರ್ಕ್ ಬಿಟ್ಟು, ಷಿಕಾಗೋದಲ್ಲಿ ವಿಮಾನ ಬದಲಿಸಿ, ಮಧ್ಯಾಹ್ನದ ಹೊತ್ತಿಗೆ ಸಿಯಾಟಲ್. ಹಡಗು ಸಂಜೆ 4ಕ್ಕೆ.

"ಕ್ರೂಸ್‌ನವರೇ ಕೊಟ್ಟಿರೋ ಫ್ಲೈಟ್ ಅಲ್ವಾ ಸರ್. ಲೇಟಾದ್ರೆ ಹಡಗು ಕಾಯುತ್ತೆ ತಾನೆ?"

ಈ ಪ್ರಶ್ನೆ ನನಗೆ ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ. ಹಾಗಾಗಿ ಅದರಿಂದಲೇ ಶುರು ಮಾಡುತ್ತೇನೆ. ಹಡಗು ಕಾಯುತ್ತದೆ ಅಂತ ನಂಬಿಕೊಂಡು ಹೊರಡಬೇಡಿ. ಬಂದರಿನಲ್ಲಿ ಅದಕ್ಕೆ ಕೊಟ್ಟ ಹೊತ್ತು ಗೊತ್ತಾಗಿರುತ್ತದೆ, ಮುಂದಿನ ಊರಿನ ಜಾಗವೂ ಕಾದಿರುತ್ತದೆ. ಒಳಗೆ ಸಾವಿರಾರು ಜನ ಇರುತ್ತಾರೆ. ಅದೂ ಅಲ್ಲದೆ 4 ಗಂಟೆಯ ಹಡಗಿಗೆ 4ಕ್ಕೆ ಹೋಗಿ ನಿಂತರೆ ಆಗುವುದಿಲ್ಲ. ಪ್ರಯಾಣಿಕರ ಪಟ್ಟಿಯನ್ನು ಮೊದಲೇ ಕೊಡಬೇಕಾದ್ದರಿಂದ ಗಂಟೆ, ಒಂದೂವರೆ ಗಂಟೆ ಮುಂಚೆಯೇ ಚೆಕ್‌ಇನ್ ಮುಚ್ಚುತ್ತಾರೆ.

ಹಾಗಾದರೆ ಹಡಗಿನವರ ಟಿಕೆಟ್ಟಿನಲ್ಲಿ ಸಿಗುವುದೇನು? ರಾಯಲ್ ಕೆರಿಬಿಯನ್‌ನವರ ಏರ್‌ಟುಸೀ, ಪ್ರಿನ್ಸೆಸ್‌ನವರ ಈಝೀಏರ್, ಹಾಲೆಂಡ್ ಅಮೆರಿಕದವರ ಫ್ಲೈಟ್ ಈಸ್, ಹೀಗೆ ಕ್ರೂಸ್ ಕಂಪನಿಗಳು ಬೇರೆ ಬೇರೆ ಹೆಸರಿಟ್ಟಿದ್ದರೂ ಎಲ್ಲವೂ ಹೆಚ್ಚುಕಡಿಮೆ ಒಂದೇ ಬಗೆ. ಕಂಪನಿ ಏರ್‌ಲೈನ್‌ಗಳ ಜೊತೆ ದರ ಮಾತಾಡಿಕೊಂಡು ಟಿಕೆಟ್ ಕೊಡುತ್ತದೆ. ವಿಮಾನ ತಡವಾದರೆ ಅವರ ಸಹಾಯವಾಣಿಗೆ ಫೋನ್ ಮಾಡಬಹುದು. ಬೇರೆ ವಿಮಾನ ಹುಡುಕಿಕೊಡುತ್ತಾರೆ. ಹಡಗು ಹೊರಟೇ ಹೋಗಿದ್ದರೆ ಅದು ಮುಂದೆ ನಿಲ್ಲುವ ಊರಿಗೆ ನಿಮ್ಮನ್ನು ತಲುಪಿಸಲು ನೋಡುತ್ತಾರೆ. ಇದು ನಿಜಕ್ಕೂ ಬೆಲೆಬಾಳುವ ಸೇವೆ. ನಡುರಾತ್ರಿ ಪರದೇಶದ ಏರ್‌ಪೋರ್ಟಿನಲ್ಲಿ ನಿಂತಿದ್ದಾಗ ಆ ಕಡೆ ಒಬ್ಬರು ಫೋನ್ ಎತ್ತುತ್ತಾರೆ ಅನ್ನುವುದು ಸಣ್ಣ ಮಾತಲ್ಲ.

ಆದರೆ 'ಮುಂದಿನ ಊರಿನಲ್ಲಿ ಹತ್ತಿಸುತ್ತೇವೆ' ಅನ್ನುವ ಭರವಸೆ ಅಲಾಸ್ಕಾದಲ್ಲಿ ಒಂದು ಕಡೆ ಸಿಕ್ಕಿಹಾಕಿಕೊಳ್ಳುತ್ತದೆ. ಇದನ್ನು ನಿಧಾನವಾಗಿ ಹೇಳುತ್ತೇನೆ, ತುಂಬಾ ಜನರಿಗೆ ಇದು ತಿಳಿದಿರುವುದಿಲ್ಲ.

ಅಮೆರಿಕದಲ್ಲಿ 1886ರಷ್ಟು ಹಳೆಯ ಒಂದು ಕಾನೂನಿದೆ. ಪ್ಯಾಸೆಂಜರ್ ವೆಸೆಲ್ ಸರ್ವೀಸಸ್ ಆಕ್ಟ್ ಅಂತ. ಹೊರದೇಶದಲ್ಲಿ ನೋಂದಣಿಯಾದ ಹಡಗು ಅಮೆರಿಕದ ಒಂದು ಬಂದರಿನಲ್ಲಿ ಜನರನ್ನು ಹತ್ತಿಸಿಕೊಂಡು ಅಮೆರಿಕದ್ದೇ ಇನ್ನೊಂದು ಬಂದರಿನಲ್ಲಿ ಇಳಿಸುವಂತಿಲ್ಲ. ನಡುವೆ ದೂರದ ಹೊರದೇಶದ ಬಂದರನ್ನು ಮುಟ್ಟಿದ್ದರೆ ಮಾತ್ರ ಸರಿ. ಕೆನಡಾ ಈ 'ದೂರ'ದ ಲೆಕ್ಕಕ್ಕೆ ಬರುವುದಿಲ್ಲ. ದೊಡ್ಡ ಕ್ರೂಸ್ ಹಡಗುಗಳೆಲ್ಲ ಹೆಚ್ಚಾಗಿ ಬಹಾಮಾಸ್, ಪನಾಮಾ, ಬರ್ಮುಡಾ ಇಂಥ ಕಡೆ ನೋಂದಣಿಯಾದವು. ಸಿಯಾಟಲ್‌ನಲ್ಲಿ ಹತ್ತಿ ಸಿಯಾಟಲ್‌ನಲ್ಲೇ ಇಳಿದರೆ ತೊಂದರೆ ಇಲ್ಲ, ನಡುವೆ ಕೆನಡಾದ ವಿಕ್ಟೋರಿಯಾದಲ್ಲಿ ಒಂದು ಸಂಜೆ ನಿಂತರೆ ಸಾಕು. ಸಿಯಾಟಲ್ ಹಡಗುಗಳು ವಿಕ್ಟೋರಿಯಾಕ್ಕೆ ಹೋಗುವುದೇ ಇದಕ್ಕಾಗಿ. ಆದರೆ ಸಿಯಾಟಲ್‌ನಲ್ಲಿ ಹಡಗು ತಪ್ಪಿಸಿಕೊಂಡು ಅಲಾಸ್ಕಾದ ಜೂನೋದಲ್ಲಿ ಹತ್ತಿದಿರಿ ಅಂದುಕೊಳ್ಳಿ. ಆಗ ನಿಮ್ಮ ಪ್ರಯಾಣ ಜೂನೋದಿಂದ ಸಿಯಾಟಲ್‌ಗೆ ಆಗುತ್ತದೆ. ಎರಡೂ ಅಮೆರಿಕದ ಬಂದರು, ಎರಡೂ ಬೇರೆ ಬೇರೆ. ಕಾನೂನು ಒಪ್ಪುವುದಿಲ್ಲ, ದಂಡ ಬೀಳುತ್ತದೆ. ಹಾಗಾಗಿ ಕಂಪನಿಯವರು ಹತ್ತಿಸಿಕೊಳ್ಳದೇ ಇರಬಹುದು. ಜೂನೋಗೆ ಹೊರಗಿನಿಂದ ರಸ್ತೆಯೂ ಇಲ್ಲ, ವಿಮಾನ ಇಲ್ಲವೇ ಹಡಗು. ಅಷ್ಟು ಖರ್ಚು ಮಾಡಿ ಹೋಗಿ ದಡದಲ್ಲಿ ನಿಲ್ಲಬೇಕಾಗುತ್ತದೆ.

ಅದೇ ಹಡಗು ವ್ಯಾಂಕೂವರ್‌ನಿಂದ ಹೊರಟು ವ್ಯಾಂಕೂವರ್‌ಗೆ ಬರುವಂಥದ್ದಾದರೆ ಕೆಚಿಕಾನ್‌ನಲ್ಲೋ ಜೂನೋದಲ್ಲೋ ಹತ್ತಬಹುದು. ಯಾಕೆಂದರೆ ಇಳಿಯುವುದು ಕೆನಡಾದಲ್ಲಿ. (ಭಾರತದ ಪಾಸ್‌ಪೋರ್ಟ್ ಇರುವ ಅಪ್ಪ ಅಮ್ಮನಿಗೆ ಕೆನಡಾ ವೀಸಾ ಬೇಕು. ಅಮೆರಿಕದ್ದೊಂದೇ ಸಾಲದು. ಇದನ್ನು ಮರೆತು ಬುಕ್ ಮಾಡುವವರು ತುಂಬಾ ಜನ.)

ಆ ಹುಡುಗನಿಗೆ ನಾನು ಹೇಳಿದ್ದು ಇಷ್ಟು: ಹಡಗಿನವರ ಟಿಕೆಟ್ ತಗೋ, ನೀನೇ ಮಾಡು, ಎರಡೂ ಸರಿ. ಆದರೆ ಹಿಂದಿನ ದಿನ ಸಿಯಾಟಲ್‌ನಲ್ಲಿರು. ಒಂದು ರಾತ್ರಿ ಹೋಟೆಲ್ ಖರ್ಚಿನಷ್ಟು ಒಳ್ಳೆಯ ರಕ್ಷಣೆ ಯಾವ ಟಿಕೆಟ್ಟಿನಲ್ಲೂ ಇಲ್ಲ. ಹಡಗಿನವರೂ ಹಿಂದಿನ ದಿನದ ವಿಮಾನ ಕೊಡುತ್ತಾರೆ, ನಾವು ಕೇಳಬೇಕು ಅಷ್ಟೆ.

ಇನ್ನು ಬೆಂಗಳೂರಿನಿಂದ ಹೊರಡುವವರ ಮಾತು. ಈ ಸೇವೆ ಹೆಚ್ಚಾಗಿ ಅಮೆರಿಕ, ಕೆನಡಾ, ಬ್ರಿಟನ್‌ನಂಥ ಕಡೆ ಇರುವವರಿಗಾಗಿ ಮಾಡಿದ್ದು. ನಮ್ಮೂರಿನಿಂದ ಬಾರ್ಸಿಲೋನಾಗೋ ರೋಮಿಗೋ ಹಡಗಿನವರೇ ಟಿಕೆಟ್ ಕೊಡುವುದು ಅಪರೂಪ. ಹಾಗಾಗಿ ನಾವು ನಾವೇ ಬುಕ್ ಮಾಡುತ್ತೇವೆ. ಅದರಲ್ಲಿ ತಪ್ಪಿಲ್ಲ. ಕಷ್ಟ ಶುರುವಾಗುವುದು ಎರಡು ಟಿಕೆಟ್ ಜೋಡಿಸಿದಾಗ.

ಹಾಸನದ ದಂಪತಿ ಒಬ್ಬರು. ಬೆಂಗಳೂರಿನಿಂದ ಮುಂಬೈಗೆ ಒಂದು ಆ್ಯಪ್‌ನಲ್ಲಿ ಟಿಕೆಟ್. ಮುಂಬೈನಿಂದ ಗಲ್ಫ್ ದಾರಿಯಾಗಿ ಬಾರ್ಸಿಲೋನಾಗೆ ಇನ್ನೊಂದು ಆ್ಯಪ್‌ನಲ್ಲಿ. ನಡುವೆ ನಾಲ್ಕು ಗಂಟೆ ಇತ್ತು. ಜುಲೈ ತಿಂಗಳು, ಮುಂಬೈನಲ್ಲಿ ಮಳೆ. ಮೊದಲ ವಿಮಾನ ಆಕಾಶದಲ್ಲೇ ಸುತ್ತಿ ಸುತ್ತಿ ಇಳಿಯುವ ಹೊತ್ತಿಗೆ ಎರಡನೆಯದರ ಕೌಂಟರ್ ಮುಚ್ಚಿತ್ತು. ಮೊದಲ ಏರ್‌ಲೈನ್‌ಗೆ ಅವರನ್ನು ಮುಂಬೈಗೆ ಬಿಟ್ಟರೆ ಕೆಲಸ ಮುಗಿಯಿತು. ಎರಡನೆಯವರ ಲೆಕ್ಕದಲ್ಲಿ ಇವರು ಬರಲೇ ಇಲ್ಲ. ಅದಕ್ಕಿಂತ ಹೊಟ್ಟೆ ಉರಿಯುವ ವಿಷಯ ಏನೆಂದರೆ, ಹೋಗುವ ವಿಮಾನ ಹತ್ತದೇ ಇದ್ದದ್ದಕ್ಕೆ ಬರುವ ಟಿಕೆಟ್ಟೂ ರದ್ದಾಯಿತು. ಒಂದು ಟಿಕೆಟ್ಟಿನ ಪ್ರಯಾಣವನ್ನು ಬರೆದ ಸರದಿಯಲ್ಲೇ ಮಾಡಬೇಕು, ಮೊದಲನೆಯದು ಬಿಟ್ಟರೆ ಉಳಿದದ್ದೆಲ್ಲ ಹೋಗುತ್ತದೆ. ಅವರು ಹೊಸದಾಗಿ ದುಬಾರಿ ಟಿಕೆಟ್ ಕೊಂಡು, ಹಡಗಿನವರ ಒಪ್ಪಿಗೆ ಪಡೆದು, ನೇಪಲ್ಸ್‌ನಲ್ಲಿ ಹತ್ತಿದರು. ನನ್ನ ಹತ್ತಿರ ಬಂದದ್ದು ಎಲ್ಲ ಮುಗಿದ ಮೇಲೆ, ಏನಾದರೂ ವಾಪಸ್ ಸಿಗುತ್ತಾ ಅಂತ ಕೇಳಲು. ಆ ಅಮ್ಮನ ಮುಖ ಇನ್ನೂ ಕಣ್ಣ ಮುಂದಿದೆ. ಮೂವತ್ತೈದನೇ ಮದುವೆ ವರ್ಷಕ್ಕೆ ಹೋಗಿದ್ದರು.

ಇದೇ ದಾರಿ ಒಂದೇ ಪಿಎನ್‌ಆರ್‌ನಲ್ಲಿ, ಅಂದರೆ ಒಂದೇ ಬುಕಿಂಗ್ ನಂಬರಿನಲ್ಲಿ ಇದ್ದಿದ್ದರೆ? ಮುಂದಿನ ವಿಮಾನಕ್ಕೆ ಹಾಕುವ ಹೊಣೆ ಏರ್‌ಲೈನ್‌ನದೇ ಆಗುತ್ತಿತ್ತು. ಲಗೇಜ್ ಕೂಡ ಬೆಂಗಳೂರಿನಲ್ಲಿ ಕೊಟ್ಟರೆ ಬಾರ್ಸಿಲೋನಾದಲ್ಲಿ ಸಿಗುತ್ತಿತ್ತು. ಬೇರೆ ಬೇರೆ ಟಿಕೆಟ್ ಆದಾಗ ಲಗೇಜ್ ತೂಕವೂ ತೊಡಕು. ದೇಶದೊಳಗಿನ ಅಗ್ಗದ ವಿಮಾನದಲ್ಲಿ 15 ಕೆಜಿ, ಮುಂದಿನದರಲ್ಲಿ ಅದರ ಎರಡರಷ್ಟು ಇರುತ್ತದೆ. ಹೆಚ್ಚಿನ ತೂಕಕ್ಕೆ ಬೆಂಗಳೂರಿನಲ್ಲೇ ದುಡ್ಡು ಕಟ್ಟಬೇಕು. ಇನ್ನು ಬದಲಿಸುವ ಊರು ಲಂಡನ್ನೋ ಫ್ರಾಂಕ್‌ಫರ್ಟೋ ಆದರೆ, ಲಗೇಜ್ ತೆಗೆದುಕೊಂಡು ಮತ್ತೆ ಚೆಕ್‌ಇನ್ ಮಾಡಲು ಇಮಿಗ್ರೇಷನ್ ದಾಟಿ ಹೊರಗೆ ಬರಬೇಕು. ಅದಕ್ಕೆ ಆ ದೇಶದ ವೀಸಾ ಬೇಕು. ನಮ್ಮ ಪಾಸ್‌ಪೋರ್ಟ್ ಇರುವವರು ಇದನ್ನು ಎರಡೆರಡು ಸಲ ನೋಡಿಕೊಳ್ಳಲೇಬೇಕು.

ಪರಿಹಾರದ ವಿಷಯದಲ್ಲೂ ಒಂದು ಸೂಕ್ಷ್ಮ ಇದೆ. ಯುರೋಪಿನ ನಿಯಮ 261 ಪ್ರಕಾರ, 3,500 ಕಿ.ಮೀ.ಗಿಂತ ದೂರದ ಪ್ರಯಾಣದಲ್ಲಿ ತುಂಬಾ ತಡವಾದರೆ 600 ಯೂರೋವರೆಗೆ ಪರಿಹಾರ ಕೇಳಬಹುದು. ಆದರೆ ಹೋಗುವಾಗ ಅದು ಸಿಗಬೇಕಾದರೆ ಏರ್‌ಲೈನ್ ಯುರೋಪಿನದ್ದಾಗಿರಬೇಕು. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್ ದಾರಿಯಾಗಿ ಲುಫ್ತಾನ್ಸಾದಲ್ಲಿ ಹೋದರೆ ಅನ್ವಯಿಸುತ್ತದೆ, ದುಬೈ ದಾರಿಯಾಗಿ ಎಮಿರೇಟ್ಸ್‌ನಲ್ಲಿ ಹೋದರೆ ಇಲ್ಲ. ವಾಪಸ್ ಬರುವಾಗ ಯಾವ ಏರ್‌ಲೈನ್ ಆದರೂ ಸರಿ, ಹೊರಡುವುದು ಯುರೋಪಿನಿಂದಲೇ ಅಲ್ವಾ. ಬಿರುಗಾಳಿಯಂಥ ಕಾರಣಕ್ಕೆ ತಡವಾದರೆ ಅದೂ ಇಲ್ಲ. ಸಿಕ್ಕರೂ ತಪ್ಪಿದ ಹಡಗಿನ ದುಡ್ಡು ಅದರಲ್ಲಿ ಹುಟ್ಟುವುದಿಲ್ಲ.

ಟ್ರಾವೆಲ್ ಇನ್ಶೂರೆನ್ಸ್ ಇದೆಯಲ್ಲ ಅನ್ನುತ್ತೀರಿ. ಪಾಲಿಸಿಯನ್ನು ಬಿಚ್ಚಿ ನೋಡಿ. ಕನೆಕ್ಷನ್ ವಿಮಾನ ತಪ್ಪಿದರೆ ಒಂದಿಷ್ಟು ಅಂತ ಇರುತ್ತದೆ. ಹಡಗು ತಪ್ಪಿದರೆ ಅನ್ನುವ ಸಾಲು ಎಷ್ಟೋ ಪಾಲಿಸಿಗಳಲ್ಲಿ ಇರುವುದೇ ಇಲ್ಲ. ಕ್ರೂಸ್ ಕವರ್ ಅಂತ ಬೇರೆ ಕೇಳಿ ತೆಗೆದುಕೊಳ್ಳಬೇಕು.

ಒಂದು ದಿನ ಮುಂಚೆ ಹೋಗಿ ಅಂದರೆ ಕೆಲವರಿಗೆ ನಾನು ಸುಮ್ನೆ ಹೆದರಿಸುತ್ತಿದ್ದೇನೆ ಅನ್ನಿಸುತ್ತದೆ. 2024ರ ಜುಲೈ 19 ನೆನಪಿದೆಯಾ? ಕ್ರೌಡ್‌ಸ್ಟ್ರೈಕ್ ಸಾಫ್ಟ್‌ವೇರ್‌ನ ಒಂದು ತಪ್ಪು ಅಪ್‌ಡೇಟ್‌ನಿಂದ ಜಗತ್ತಿನ ಎಷ್ಟೋ ಏರ್‌ಪೋರ್ಟುಗಳು ನಿಂತುಹೋದವು. ನಮ್ಮಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. 2025ರ ಮಾರ್ಚ್ 21ರಂದು ಹತ್ತಿರದ ವಿದ್ಯುತ್ ಕೇಂದ್ರಕ್ಕೆ ಬೆಂಕಿ ಬಿದ್ದು ಲಂಡನ್‌ನ ಹೀಥ್ರೂ ದಿನವಿಡೀ ಮುಚ್ಚಿತು. ಅದೇ ಜೂನ್ 23ರ ರಾತ್ರಿ ಕತಾರ್ ತನ್ನ ಆಕಾಶವನ್ನೇ ಕೆಲವು ಗಂಟೆ ಮುಚ್ಚಿತು. ದೋಹಾ ದಾರಿಯಾಗಿ ಹೊರಟಿದ್ದವರು ಎಲ್ಲೆಲ್ಲೋ ಇಳಿದರು. ಇಂಥ ದಿನ ಟಿಕೆಟ್ ಹಡಗಿನವರದ್ದೋ ನಿಮ್ಮದೋ ಅನ್ನುವುದರಿಂದ ದೊಡ್ಡ ವ್ಯತ್ಯಾಸ ಆಗುವುದಿಲ್ಲ. ಎಲ್ಲರೂ ಒಂದೇ ಸಾಲಿನಲ್ಲಿ.

ಹಾಗಂತ ಹಡಗಿನವರ ಟಿಕೆಟ್ ಬೇಡವೇ ಬೇಡ ಅಂತ ನಾನು ಹೇಳುವುದಿಲ್ಲ. ಅದು ನಿಜವಾಗಿ ಕೆಲಸಕ್ಕೆ ಬರುವುದು ಹಡಗಿನ ಯಾನವೇ ರದ್ದಾದಾಗ. 2024ರಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಆಗುತ್ತಿದ್ದಾಗ ಕಂಪನಿಗಳು ಆ ದಾರಿಯ ಯಾನಗಳನ್ನು ರದ್ದು ಮಾಡಿದವು, ಇಲ್ಲವೇ ಆಫ್ರಿಕಾ ಸುತ್ತಿ ಹೋದವು. ಇಂಥ ಹೊತ್ತಿನಲ್ಲಿ ಎರಡೂ ಒಂದೇ ಕಡೆ ಕೊಂಡಿದ್ದರೆ ವಿಮಾನವನ್ನೂ ಅವರೇ ಸರಿಮಾಡುತ್ತಾರೆ. ನಾವೇ ಕೊಂಡಿದ್ದರೆ ಏರ್‌ಲೈನ್‌ನವರು "ನಮ್ಮ ವಿಮಾನ ಹಾರುತ್ತಿದೆಯಲ್ಲ" ಅನ್ನುತ್ತಾರೆ. ಅವರ ಮಾತೂ ಸರಿಯೇ.

ಒಂದು ಊರಿನಲ್ಲಿ ಹತ್ತಿ ಇನ್ನೊಂದು ಊರಿನಲ್ಲಿ ಇಳಿಯುವ ಯಾನಕ್ಕೂ ಹಡಗಿನವರ ಟಿಕೆಟ್ಟನ್ನು ನೋಡಬೇಕು. ಒನ್‌ವೇ ಟಿಕೆಟ್ ಬಿಡಿಯಾಗಿ ಕೊಂಡರೆ ಕೆಲವು ಸಲ ವಿಪರೀತ ದುಬಾರಿ, ಹಡಗಿನವರ ಒಪ್ಪಂದದ ದರ ಅಲ್ಲಿ ಕಡಿಮೆ ಬೀಳಬಹುದು. ಆದರೆ ದುಡ್ಡು ಕಟ್ಟುವ ಮುಂಚೆ ಮೂರು ಮಾತು ಕೇಳಿ. ಯಾವ ವಿಮಾನ, ಎಷ್ಟು ಹೊತ್ತಿನದು ಅಂತ ಈಗಲೇ ತೋರಿಸುತ್ತಾರಾ, ಅಥವಾ ಆಮೇಲೆ ಅವರೇ ಆರಿಸುತ್ತಾರಾ? ಸೀಟು ಈಗ ಹಿಡಿಯಬಹುದಾ? ಬದಲಿಸಿದರೆ ಎಷ್ಟು ಕಡಿತ? ನಿಮ್ಮ ಟಿಕೆಟ್ ಬದಲಿಸಲು ಏರ್‌ಲೈನ್‌ಗೆ ಫೋನ್ ಮಾಡಿದರೆ "ಕ್ರೂಸ್‌ನವರನ್ನೇ ಕೇಳಿ" ಅನ್ನುತ್ತಾರೆ, ಅವರು ಟಿಕೆಟ್ ಕೊಟ್ಟವರಾದ್ದರಿಂದ. ಮಂಡಿ ನೋವಿರುವ ಅಪ್ಪನಿಗೆ ಎರಡು ಕಡೆ ವಿಮಾನ ಬದಲಿಸುವ ದಾರಿ ಕೊಟ್ಟರೆ, ಎಷ್ಟೇ ಅಗ್ಗವಾದರೂ ನಾನು ಬೇಡ ಅನ್ನುತ್ತೇನೆ.

ನಮ್ಮಲ್ಲಿ ತೆರಿಗೆಯೂ ಸೇರಿಕೊಳ್ಳುತ್ತದೆ. ವಿಮಾನ, ಹಡಗು ಎಲ್ಲವನ್ನೂ ಒಂದೇ ವಿದೇಶ ಪ್ಯಾಕೇಜ್ ಮಾಡಿ ಇಲ್ಲಿನ ಏಜೆಂಟರ ಹತ್ತಿರ ಕೊಂಡರೆ ಇಡೀ ಮೊತ್ತಕ್ಕೆ ಟಿಸಿಎಸ್, ಅಂದರೆ ಮಾರುವವರೇ ಮೊದಲೇ ವಸೂಲು ಮಾಡುವ ತೆರಿಗೆ, ಹಿಡಿಯುತ್ತಾರೆ. ಬರೀ ವಿಮಾನದ ಟಿಕೆಟ್ ಕೊಂಡರೆ ಅದು ಪ್ಯಾಕೇಜ್ ಅಲ್ಲ. ದರ ಬಜೆಟ್‌ಗಳಲ್ಲಿ ಬದಲಾಗುತ್ತಿರುತ್ತದೆ, ಬುಕ್ ಮಾಡುವ ದಿನ ಕೇಳಿಕೊಳ್ಳಿ. ಆದಾಯ ತೆರಿಗೆ ರಿಟರ್ನ್‌ನಲ್ಲಿ ಅದು ಲೆಕ್ಕಕ್ಕೆ ಬರುತ್ತದೆ, ಆದರೆ ಅಲ್ಲಿತನಕ ದುಡ್ಡು ಕೈಯಲ್ಲಿರುವುದಿಲ್ಲ.

ಸಿಂಗಪುರದ ಹಡಗುಗಳಿಗೆ ಇಷ್ಟೆಲ್ಲ ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಬೆಂಗಳೂರಿನಿಂದ ನೇರ ವಿಮಾನ, ನಾಲ್ಕೂವರೆ ಗಂಟೆ. ರಾತ್ರಿ ಹೊರಟು ಬೆಳಿಗ್ಗೆ ಇಳಿದು ಮಧ್ಯಾಹ್ನ ಹಡಗು ಹತ್ತುವವರು ಬೇಕಾದಷ್ಟು ಜನ ಇದ್ದಾರೆ. ವಯಸ್ಸಾದವರು ಜೊತೆಗಿದ್ದರೆ ಮಾತ್ರ ಅಲ್ಲೂ ಒಂದು ರಾತ್ರಿ ಇರಿ ಅನ್ನುತ್ತೇನೆ. ನಿದ್ದೆಗೆಟ್ಟು ಲಗೇಜ್ ಎಳೆದುಕೊಂಡು ಹೋದರೆ ಮೊದಲ ದಿನವೆಲ್ಲ ಕ್ಯಾಬಿನ್‌ನಲ್ಲೇ ಮಲಗುತ್ತಾರೆ.

ವಾಪಸ್ ಬರುವ ದಿನಕ್ಕೂ ಇದೇ ಎಚ್ಚರ ಬೇಕು. ಹಡಗು ಬೆಳಿಗ್ಗೆ ದಡ ಸೇರಿದ ತಕ್ಷಣ ಇಳಿಯಲು ಬಿಡುವುದಿಲ್ಲ, ಸರದಿ ಬರಬೇಕು. ರೋಮ್ ಯಾನ ಅಂತ ಬರೆದಿದ್ದರೂ ಹಡಗು ನಿಲ್ಲುವುದು ಚಿವಿತಾವೆಕ್ಯಾದಲ್ಲಿ. ಅಲ್ಲಿಂದ ಫ್ಯೂಮಿಚಿನೋ ಏರ್‌ಪೋರ್ಟಿಗೆ 60 ಕಿ.ಮೀ.ಗಿಂತ ಜಾಸ್ತಿ. ಮಧ್ಯಾಹ್ನ 2ಕ್ಕಿಂತ ಮುಂಚಿನ ವಿಮಾನವನ್ನು ನಾನು ಯಾರಿಗೂ ಹಾಕಿಕೊಡುವುದಿಲ್ಲ.

ಮೈಸೂರಿನ ಆ ಕುಟುಂಬ ಕೊನೆಗೆ ತಮ್ಮದೇ ಟಿಕೆಟ್ ಮಾಡಿಕೊಂಡರು. ನ್ಯೂವಾರ್ಕ್‌ನಿಂದ ನೇರ ವಿಮಾನ, ಹಿಂದಿನ ದಿನ. ಹೊರಡುವ ವಾರ ಅವನಿಗೆ ಇನ್ನೊಂದು ಮಾತು ಹೇಳಿದ್ದೆ, ನಿಮಗೂ ಹೇಳುತ್ತೇನೆ. ಹಡಗಿನ ಟಿಕೆಟ್ ಕಾಗದಗಳಲ್ಲಿ ತುರ್ತು ನಂಬರ್ ಕೊಟ್ಟಿರುತ್ತಾರೆ. ಹಲವು ಕಂಪನಿಗಳು ಪ್ರತಿ ಬಂದರಿನಲ್ಲಿ ತಮ್ಮ ಕೆಲಸ ನೋಡಿಕೊಳ್ಳುವ ಪೋರ್ಟ್ ಏಜೆಂಟ್‌ನ ನಂಬರನ್ನೂ ಕೊಡುತ್ತವೆ. ಫೋನ್ ಚಾರ್ಜ್ ಮುಗಿದರೆ ಅದು ಕೈಗೆ ಸಿಗುವುದಿಲ್ಲ. ಚೀಟಿಯಲ್ಲಿ ಬರೆದು ನಿಮ್ಮ ಜೇಬಿನಲ್ಲಿ ಒಂದು, ಅಮ್ಮನ ಪರ್ಸಿನಲ್ಲಿ ಒಂದು ಇಡಿ.