ಎರಡು ವರ್ಷದ ಮಗುವೂ ಒಂದು ಖಾಲಿ ಬಕೆಟ್ಟೂ

ಪುಟ್ಟ ಮಗುವೊಂದು ಅಂಗಳದಲ್ಲಿ ಕೂತು ಬಕೆಟ್ಟಿಗೆ ಮಣ್ಣು ತುಂಬುತ್ತದೆ. ತುಂಬಿದ್ದನ್ನು ಸುರಿಯುತ್ತದೆ. ಮತ್ತೆ ತುಂಬುತ್ತದೆ, ಮತ್ತೆ ಸುರಿಯುತ್ತದೆ. ಹತ್ತು ನಿಮಿಷ ಇದನ್ನೇ ನೋಡಿ ಬೇಸರ ಬಂದ ಅಪ್ಪನೋ ಅಮ್ಮನೋ ‘ಬಾ ಪುಟ್ಟಾ, ಒಳಗೆ ಹೊಸ ಆಟಿಕೆ ಇದೆ’ ಎಂದು ಎತ್ತಿಕೊಂಡು ಹೋಗುತ್ತಾರೆ. ಮಕ್ಕಳ ವೈದ್ಯೆಯಾಗಿ ನಾನು ಬೇಡಿಕೊಳ್ಳುವುದು ಇಷ್ಟೇ: ಆ ಹೊತ್ತಿನಲ್ಲಿ ಎತ್ತಿಕೊಳ್ಳಬೇಡಿ. ಮಗು ಕೆಲಸದಲ್ಲಿದೆ.

ಖಾಲಿ ಬಕೆಟ್ಟು ಹಗುರ, ತುಂಬಿದ್ದು ಭಾರ. ಎಷ್ಟು ಬಲ ಹಾಕಿದರೆ ಅದು ಮೇಲೇಳುತ್ತದೆ ಎಂಬ ಲೆಕ್ಕ ಬರೀ ಕಣ್ಣಿಗೆ ಸಿಗುವುದಿಲ್ಲ; ಸ್ನಾಯುಗಳಲ್ಲೂ ಕೀಲುಗಳಲ್ಲೂ ಇರುವ ಸಂವೇದಕಗಳು ಅದನ್ನು ಮಿದುಳಿಗೆ ತಿಳಿಸುತ್ತವೆ. ಕೈಕಾಲು ಎಲ್ಲಿವೆ, ಎಷ್ಟು ಬಲ ಹಾಕುತ್ತಿವೆ ಎಂಬ ಈ ಒಳ ಅರಿವಿಗೆ ನಾವು ಪ್ರೊಪ್ರಿಯೋಸೆಪ್ಷನ್ ಎನ್ನುತ್ತೇವೆ. ಮುಂದೆ ಲೋಟದ ನೀರು ಚೆಲ್ಲದಂತೆ ಹಿಡಿಯಲು, ಪೆನ್ಸಿಲ್ಲಿನ ಮೊನೆ ಮುರಿಯದಂತೆ ಒತ್ತಲು ಬೇಕಾಗುವುದು ಇದೇ. ಇನ್ನು ಕೈಗಳನ್ನು ನೋಡಿ. ಒಂದು ಕೈ ಬಕೆಟ್ಟನ್ನು ಅಲುಗದಂತೆ ಹಿಡಿದಿರುತ್ತದೆ, ಇನ್ನೊಂದು ಮಣ್ಣು ಎತ್ತಿ ಹಾಕುತ್ತದೆ. ಎರಡು ಕೈ ಎರಡು ಬೇರೆ ಕೆಲಸ ಹಂಚಿಕೊಳ್ಳುವುದು ಈ ವಯಸ್ಸಿನ ದೊಡ್ಡ ಕಲಿಕೆ. ಮುಚ್ಚಳ ತಿರುಗಿಸುವುದು, ಗುಂಡಿ ಹಾಕಿಕೊಳ್ಳುವುದು ಎಲ್ಲ ಅದರ ಮೇಲೆಯೇ ನಿಂತಿವೆ. ಎಲೆ ಹೆಕ್ಕಲು ಕುಕ್ಕರಗಾಲಲ್ಲಿ ಕೂತು, ಏನನ್ನೂ ಹಿಡಿದುಕೊಳ್ಳದೆ ಏಳುವಾಗ ಸೊಂಟ, ತೊಡೆ, ಬೆನ್ನು ಒಟ್ಟಿಗೆ ದುಡಿಯುತ್ತವೆ. ‘ಒಳಗೆ’, ‘ಹೊರಗೆ’, ‘ತುಂಬಿತು’, ‘ಖಾಲಿ’ ಎಂಬ ಮಾತುಗಳು ನಾಲಿಗೆಗೆ ಬರುವ ಮುಂಚೆ ಕೈಗೆ ಬಂದಿರುತ್ತವೆ.

ಇದನ್ನೆಲ್ಲ ಮನೆಯೊಳಗೂ ಆಡಬಹುದಲ್ಲ ಎಂದು ಕೇಳುವವರಿದ್ದಾರೆ. ಆಡಬಹುದು. ಆದರೆ ಕೋಣೆಯ ನೆಲ ಎಲ್ಲೆಡೆ ಒಂದೇ ಸಮ. ಹೊರಗೆ ಹಾಗಲ್ಲ: ಇಲ್ಲಿ ಹುಲ್ಲು, ಅಲ್ಲಿ ಮರಳು, ಒಂದಿಷ್ಟು ಇಳಿಜಾರು, ಎಡವಲು ಒಂದು ಬೇರು. ಪ್ರತಿ ಹೆಜ್ಜೆಗೂ ಪಾದ, ಕಣ್ಣು ಮತ್ತು ಒಳಕಿವಿಯ ಸಮತೋಲನದ ಅಂಗ ಹೊಸದಾಗಿ ಮಾತಾಡಿಕೊಳ್ಳಬೇಕು. ನಡಿಗೆ ಕಲಿಯಲು ಮಗು ಪಡುವ ಶ್ರಮ ನಮಗೆ ಕಾಣುವುದಕ್ಕಿಂತ ದೊಡ್ಡದು. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಕ್ಯಾರೆನ್ ಅಡಾಲ್ಫ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 12ರಿಂದ 19 ತಿಂಗಳ ಮಕ್ಕಳು ಆಡುವಾಗ ಗಂಟೆಗೆ ಸರಾಸರಿ 2,368 ಹೆಜ್ಜೆ ಇಟ್ಟರು, 17 ಸಲ ಬಿದ್ದರು. ಗಂಟೆಗೆ 17 ಸಲ! ಆ ಬೀಳುವಿಕೆಯನ್ನೆಲ್ಲ ತಪ್ಪಿಸಲು ಸದಾ ಕೈ ಹಿಡಿದೇ ನಡೆಸಿದರೆ, ಮೈ ತೂಗಿಸಿಕೊಳ್ಳುವ ಕೆಲಸವನ್ನು ಮಗುವಿನ ಬದಲು ನಮ್ಮ ಕೈ ಮಾಡುತ್ತದೆ. ಮಗುವನ್ನು ಒಳಗೆ ಕೂರಿಸುವ ಚಕ್ರದ ವಾಕರ್ ಅಂತೂ ಬೇಡವೇ ಬೇಡ. ಅದು ನಡಿಗೆ ಕಲಿಸುವುದಿಲ್ಲ, ಮೆಟ್ಟಿಲಿಂದ ಉರುಳಿಸುತ್ತದೆ. ಕೆನಡಾ 2004ರಲ್ಲೇ ಅದರ ಮಾರಾಟವನ್ನು ನಿಷೇಧಿಸಿತು.

ವೃತ್ತಿಯ ಮೊದಲ ವರ್ಷಗಳಲ್ಲಿ, ಯಾವ ಆಟಿಕೆ ತರಬೇಕು ಎಂದು ಕೇಳಿದವರಿಗೆ ನಾನೂ ಉದ್ದದ ಪಟ್ಟಿ ಬರೆದುಕೊಡುತ್ತಿದ್ದೆ. ಈಗ ಪಟ್ಟಿ ಬಹಳ ಗಿಡ್ಡವಾಗಿದೆ. ಅಮೆರಿಕದ ಟೊಲೆಡೊ ವಿಶ್ವವಿದ್ಯಾಲಯದ ಸಂಶೋಧಕರು ಪುಟ್ಟ ಮಕ್ಕಳ ಮುಂದೆ ಒಮ್ಮೆ 4, ಇನ್ನೊಮ್ಮೆ 16 ಆಟಿಕೆ ಇಟ್ಟು ನೋಡಿದರು. ನಾಲ್ಕೇ ಇದ್ದಾಗ ಮಕ್ಕಳು ಒಂದೊಂದರ ಜೊತೆಗೂ ಹೆಚ್ಚು ಹೊತ್ತು, ಹೆಚ್ಚು ಬಗೆಯಲ್ಲಿ ಆಡಿದರು. ಇದು 2018ರಲ್ಲಿ ಪ್ರಕಟವಾಯಿತು. ದೀಪ ಹೊತ್ತಿ ಹಾಡುವ ಆಟಿಕೆಯಲ್ಲಿ ಗುಂಡಿ ಒತ್ತುವುದಷ್ಟೇ ಮಗುವಿನ ಪಾಲು, ಉಳಿದದ್ದನ್ನೆಲ್ಲ ಬ್ಯಾಟರಿ ಮಾಡುತ್ತದೆ. ಅಂಥ ಆಟಿಕೆ ಎದುರಿಗಿದ್ದಾಗ ತಂದೆತಾಯಿಯರ ಮಾತೂ ಕಡಿಮೆಯಾಗುವುದನ್ನು 2016ರ ಒಂದು ಅಮೆರಿಕನ್ ಅಧ್ಯಯನ ದಾಖಲಿಸಿದೆ.

ಹಾಗಾದರೆ ಏನು ಕೊಡಬೇಕು? ಬಕೆಟ್ಟು, ಒಂದು ಸೌಟೋ ಚಮಚವೋ, ದೊಡ್ಡ ಮೆತ್ತನೆಯ ಚೆಂಡು. ಚೆಂಡು ಉರುಳಿ ಪೊದೆಯ ಹಿಂದೆ ಮರೆಯಾದಾಗ, ಕಾಣದಿದ್ದರೂ ಅದು ಅಲ್ಲೇ ಇದೆ ಎಂದು ಹುಡುಕಿ ಹೋಗುವುದೇ ಒಂದು ಯೋಚನೆ. ನೀವು ಉರುಳಿಸಿ, ಮಗು ಮರಳಿ ಉರುಳಿಸಲಿ. ಮಾತಿನಲ್ಲೂ ಹೀಗೇ ಸರದಿ ಕಾಯುವುದು. ತಪ್ಪುಹೆಜ್ಜೆ ಇಡುವ ಮಗುವಿಗೆ ತಳ್ಳುವ ಗಾಡಿ ಒಳ್ಳೆಯದು, ಮುಂದಕ್ಕೆ ಜಾರಿ ಓಡದಂತೆ ಅದರಲ್ಲಿ ಸ್ವಲ್ಪ ಭಾರ ಇಡಿ. ನಡಿಗೆ ಗಟ್ಟಿಯಾದ ಮೇಲೆ ಎಳೆಯುವ ಗಾಡಿ. ಹಿಂದೆ ಬರುತ್ತಿದೆಯೇ ಎಂದು ತಿರುಗಿ ನೋಡುತ್ತಲೇ ಮುಂದೆ ನಡೆಯುವುದು ಬಲು ಕಷ್ಟದ ವಿದ್ಯೆ. ಅದರ ದಾರ ಕುತ್ತಿಗೆಗೆ ಸುತ್ತಿಕೊಳ್ಳದಷ್ಟು ಗಿಡ್ಡವಿರಲಿ.

ಒಂದು ಮಾತನ್ನು ಮಾತ್ರ ಗಟ್ಟಿಯಾಗಿ ಹೇಳಬೇಕು. ಬಕೆಟ್ಟಿನಲ್ಲಿ ನೀರು ಹಾಕಿ ಆಡಿಸುವುದಾದರೆ ಕೈಗೆಟಕುವಷ್ಟು ಹತ್ತಿರವೇ ಕೂತಿರಿ, ಆಟ ಮುಗಿದ ಕ್ಷಣ ನೀರು ಚೆಲ್ಲಿ ಬಕೆಟ್ಟನ್ನು ಮಗುಚಿಡಿ. ಈ ವಯಸ್ಸಿನಲ್ಲಿ ತಲೆಯೇ ಭಾರ; ಬಗ್ಗಿ ಬಿದ್ದ ಮಗು ತಾನಾಗಿ ಏಳಲಾರದು, ಕೆಲವೇ ಸೆಂಟಿಮೀಟರ್ ನೀರು ಪ್ರಾಣ ತೆಗೆಯುತ್ತದೆ. ಬಾಯೊಳಗೆ ಪೂರ್ತಿ ಹಿಡಿಸುವ ಕಲ್ಲು, ಬೀಜಗಳನ್ನು ಮೂರು ವರ್ಷದವರೆಗೆ ದೂರವಿಡಿ. ಅಂಗೈಗಿಂತ ದೊಡ್ಡ ಕಲ್ಲಾದರೆ ಚಿಂತೆಯಿಲ್ಲ.

ಎಷ್ಟು ಹೊತ್ತು ಆಡಿಸಬೇಕು? ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿ ಒಂದರಿಂದ ಎರಡು ವರ್ಷದ ಮಕ್ಕಳಿಗೆ ದಿನವಿಡೀ ಹಂಚಿದಂತೆ ಕನಿಷ್ಠ 180 ನಿಮಿಷದ ಓಡಾಟ ಬೇಕು ಎನ್ನುತ್ತದೆ. ಮಗುವನ್ನು ಕೂರಿಸಿ ನಾವು ತಳ್ಳುವ ಗಾಡಿಯಲ್ಲೋ (ಸ್ಟ್ರಾಲರ್) ಕುರ್ಚಿಯಲ್ಲೋ ಒಂದೇ ಸಮನೆ ಒಂದು ಗಂಟೆಗಿಂತ ಹೆಚ್ಚು ಕಟ್ಟಿ ಕೂರಿಸಬಾರದು. ಮೂರು ಗಂಟೆ ಎಂದರೆ ಗಾಬರಿಯಾಗಬೇಡಿ. ಅಡ್ಡಿಪಡಿಸದಿದ್ದರೆ ಮಗು ತಾನೇ ಅಷ್ಟು ಓಡಾಡುತ್ತದೆ.

ಹೊರಗಿನ ಆಟದಲ್ಲಿ ನಾನು ಕಾಯುವ ಒಂದು ಗಳಿಗೆಯಿದೆ. ಮಣ್ಣು ಕೆದಕುತ್ತಿದ್ದ ಮಗುವಿಗೆ ಒಂದು ಎಲೆ ಸಿಗುತ್ತದೆ. ಅದನ್ನು ಹಿಡಿದು ತಪ್ಪುಹೆಜ್ಜೆ ಇಡುತ್ತಾ ನಿಮ್ಮ ಬಳಿ ಬಂದು, ಮೇಲೆತ್ತಿ ತೋರಿಸಿ, ನಿಮ್ಮ ಮುಖ ನೋಡುತ್ತದೆ. ಅದಕ್ಕೆ ಎಲೆ ಕೊಡುವುದಷ್ಟೇ ಮುಖ್ಯವಲ್ಲ, ತಾನು ಕಂಡದ್ದನ್ನು ನೀವೂ ಕಾಣಬೇಕು. ಹದಿನೆಂಟು ತಿಂಗಳಾದರೂ ಮಗು ಹೀಗೆ ತಂದು ತೋರಿಸದಿದ್ದರೆ, ಬೆರಳು ಮಾಡಿ ತೋರಿಸದಿದ್ದರೆ, ಅಥವಾ ಇನ್ನೂ ನಡೆಯದಿದ್ದರೆ, ಕಾದು ನೋಡೋಣ ಎನ್ನದೆ ವೈದ್ಯರಲ್ಲಿಗೆ ಕರೆತನ್ನಿ. ತಂದು ತೋರಿಸಿತೆಂದರೆ ಫೋನ್ ಕೆಳಗಿಡಿ. ಎಲೆಯನ್ನು ಕೈಗೆ ತೆಗೆದುಕೊಳ್ಳಿ, ‘ಓಹ್, ಎಲೆ! ಹಸಿರು ಎಲೆ!’ ಎನ್ನಿ, ತಿರುಗಿಸಿ ನೋಡಿ, ಮರಳಿ ಅದರ ಕೈಗೇ ಕೊಡಿ. ಮುಂದಿನದನ್ನು ತರಲು ಅದು ಆಗಲೇ ಹೊರಟಿರುತ್ತದೆ.