ರಬ್ಬರ್ ಒಡೆದರು, ಮತ್ತೆ ಜೋಡಿಸಲು 94 ವರ್ಷ ಹಿಡಿಯಿತು

ಅಗಲವಾದ ಒಂದು ರಬ್ಬರ್ ಬ್ಯಾಂಡ್ ತೆಗೆದುಕೊಳ್ಳಿ. ತಟಕ್ಕನೆ ಪೂರ್ತಿ ಎಳೆದು ತುಟಿಗೆ ತಾಗಿಸಿ. ಬೆಚ್ಚಗಿರುತ್ತದೆ. ಎಳೆದಂತೆಯೇ ಸ್ವಲ್ಪ ಹೊತ್ತು ಹಿಡಿದು, ಆಮೇಲೆ ಸಡಿಲ ಬಿಟ್ಟು ತಾಗಿಸಿದರೆ ತಣ್ಣಗಿರುತ್ತದೆ. ಒಳಗೆ ಮುದುಡಿಕೊಂಡಿದ್ದ ಉದ್ದುದ್ದ ಅಣುಸರಪಳಿಗಳು ಎಳೆದಾಗ ಸಾಲಾಗಿ ನಿಲ್ಲುತ್ತವೆ, ಬಿಟ್ಟಾಗ ಮತ್ತೆ ಮುದುಡುತ್ತವೆ. ಮರದಿಂದ ಬಂದ ರಬ್ಬರ್ ಆದರೆ, ಆ ಸರಪಳಿಯ ಒಂದೊಂದು ಕೊಂಡಿಯೂ ಐಸೊಪ್ರೀನ್. ಐದು ಇಂಗಾಲ, ಎಂಟು ಜಲಜನಕ, ಅಷ್ಟೇ.

ಇಷ್ಟು ಪುಟ್ಟ ಕೊಂಡಿಯನ್ನು ಮರ ಜೋಡಿಸಿದ ಹಾಗೇ ಜೋಡಿಸೋದು ಎಷ್ಟು ಕಷ್ಟ ಅನ್ನೋದೇ ಈ ಕಥೆ.

ರಬ್ಬರ್‌ನಲ್ಲಿ ಇಂಗಾಲ, ಜಲಜನಕ 5ಕ್ಕೆ 8ರ ಲೆಕ್ಕದಲ್ಲಿವೆ ಎಂದು ಮೈಕೆಲ್ ಫ್ಯಾರಡೆ 1826ರಲ್ಲೇ ಕಂಡುಕೊಂಡಿದ್ದರು. 1860ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಗ್ರೆವಿಲ್ ವಿಲಿಯಮ್ಸ್ ರಬ್ಬರನ್ನು ಚೆನ್ನಾಗಿ ಕಾಯಿಸಿ, ಎದ್ದ ಆವಿಯನ್ನು ತಣಿಸಿ ಹಿಡಿದರು. ಸಿಕ್ಕಿದ್ದು ಬಣ್ಣವಿಲ್ಲದ ತೆಳು ದ್ರವ. 34 ಡಿಗ್ರಿಗೇ ಕುದಿಯುತ್ತದೆ, ಅಂದರೆ ನಮ್ಮ ಮೈಬಿಸಿಗಿಂತ ಕಡಿಮೆ. ಅದಕ್ಕೆ ಐಸೊಪ್ರೀನ್ ಎಂದು ಹೆಸರಿಟ್ಟವರೂ ಅವರೇ.

ಒಡೆದರೆ ಇದು ಬರುತ್ತದೆ ಅಂದಮೇಲೆ ಇದನ್ನೇ ಕೂಡಿಸಿದರೆ ರಬ್ಬರ್ ಬರಬೇಕಲ್ವಾ? 1879ರಲ್ಲಿ ಫ್ರಾನ್ಸಿನ ಗುಸ್ತಾವ್ ಬುಷಾರ್ಡಾ ಐಸೊಪ್ರೀನ್‌ಗೆ ಹೈಡ್ರೊಕ್ಲೋರಿಕ್ ಆಮ್ಲ ಸೇರಿಸಿ ರಬ್ಬರಿನಂಥ ಮುದ್ದೆ ಪಡೆದರು. ಆದರೆ ಅವರ ಐಸೊಪ್ರೀನ್ ರಬ್ಬರಿನಿಂದಲೇ ಬಂದಿತ್ತು. ರಬ್ಬರಿನಿಂದ ರಬ್ಬರ್ ಮಾಡಿ ಲಾಭವೇನು? ಈ ತೊಡಕನ್ನು ಬಿಡಿಸಿದವರು ವಿಲಿಯಂ ಟಿಲ್ಡನ್. ಅವರು ಟರ್ಪೆಂಟೈನ್ ಎಣ್ಣೆಯಿಂದ ಐಸೊಪ್ರೀನ್ ತೆಗೆದರು. ಅದನ್ನು ಬಾಟಲಿಗಳಲ್ಲಿ ತುಂಬಿ ಸುಮ್ನೆ ಇಟ್ಟಿದ್ದರು. ಎಷ್ಟೋ ಕಾಲದ ಮೇಲೆ ನೋಡಿದರೆ, ನೀರಿನಂತಿದ್ದ ದ್ರವ ದಪ್ಪ ಪಾಕವಾಗಿದೆ. ಅದರಲ್ಲಿ ಹಳದಿ ಗಡ್ಡೆಗಳು ತೇಲುತ್ತಿವೆ. ಆ ಗಡ್ಡೆಗಳು ರಬ್ಬರ್! 1892ರಲ್ಲಿ ಅವರು ಇದನ್ನು ಜನರ ಮುಂದಿಟ್ಟರು. ಈ ಇಡೀ ಇತಿಹಾಸದಲ್ಲಿ ನನಗೆ ಅತಿ ಇಷ್ಟವಾದ ಗಳಿಗೆ ಇದು. ಈಗ ಕಾರ್ಖಾನೆಗಳಲ್ಲಿ ಐಸೊಪ್ರೀನ್ ಶೇಖರಿಸುವಾಗ ಸರಿಯಾಗಿ ಹೀಗೆ ಆಗಬಾರದೆಂದೇ ಅದಕ್ಕೆ ತಡೆಯುವ ರಾಸಾಯನಿಕ ಬೆರೆಸುತ್ತಾರೆ.

ವರ್ಷಗಟ್ಟಲೆ ಕಾಯುತ್ತಾ ಕೂತರೆ ಉದ್ಯಮ ನಡೆಯುವುದಿಲ್ಲ. ಅಷ್ಟರಲ್ಲಿ ಕಾರುಗಳು ಬಂದವು, ಟೈರಿಗೆ ಬೇಡಿಕೆ ಏರಿತು, ರಬ್ಬರ್ ಬೆಲೆಯೂ ಹಾರಿತು. 1909ರಲ್ಲಿ ಜರ್ಮನಿಯ ಬಾಯರ್ ಕಂಪನಿಯ ಫ್ರಿಟ್ಸ್ ಹಾಫ್‌ಮನ್ ಐಸೊಪ್ರೀನನ್ನು ಕಾಯಿಸಿ ರಬ್ಬರ್ ಮಾಡುವ ವಿಧಾನಕ್ಕೆ ಪೇಟೆಂಟ್ ಪಡೆದರು. ಮುಂದಿನ ವರ್ಷ ಇಂಗ್ಲೆಂಡಿನಲ್ಲಿ ಮ್ಯಾಥ್ಯೂಸ್, ಜರ್ಮನಿಯಲ್ಲಿ ಹ್ಯಾರಿಸ್, ಇಬ್ಬರೂ ಬೇರೆ ಬೇರೆಯಾಗಿ, ಸೋಡಿಯಂ ಹಾಕಿದರೆ ಕೆಲಸ ಬೇಗ ಆಗುತ್ತದೆ ಎಂದು ಕಂಡುಕೊಂಡರು. ಮೊದಲ ಮಹಾಯುದ್ಧದಲ್ಲಿ ಜರ್ಮನಿಗೆ ರಬ್ಬರ್ ಬರೋದು ನಿಂತಾಗ, ಅವರು ಐಸೊಪ್ರೀನಿನ ಹತ್ತಿರದ ನೆಂಟನೊಂದನ್ನು ಬಳಸಿ ಸುಮಾರು 2,400 ಟನ್ ‘ಮಿಥೈಲ್ ರಬ್ಬರ್’ ಮಾಡಿದರು. ಚಳಿಗೆ ಗಟ್ಟಿಯಾಗುತ್ತಿತ್ತು, ಗಾಳಿಗೆ ಬೇಗ ಹಾಳಾಗುತ್ತಿತ್ತು. ಯುದ್ಧ ಮುಗಿದದ್ದೇ ಅದರ ಉತ್ಪಾದನೆಯೂ ನಿಂತಿತು.

ಎಡವುತ್ತಿದ್ದದ್ದು ಎಲ್ಲಿ? ಕೊಂಡಿ ಸರಿಯಾಗಿಯೇ ಇತ್ತು, ಅದು ಕೂರುವ ರೀತಿ ಸರಿಯಿರಲಿಲ್ಲ. ಸರಪಳಿ ಒಂದೊಂದು ಕೊಂಡಿಯನ್ನೂ ಒಂದು ಕಡೆಯಿಂದ ಹೊಕ್ಕು ಇನ್ನೊಂದು ಕಡೆಯಿಂದ ಹೊರಡುತ್ತದೆ. ಎರಡೂ ಒಂದೇ ಮಗ್ಗುಲಲ್ಲಿದ್ದರೆ ಅದು ‘ಸಿಸ್’. ಎದುರು ಬದುರಾಗಿದ್ದರೆ ‘ಟ್ರಾನ್ಸ್’. ರಬ್ಬರ್ ಮರ ಮಾಡುವುದು ಬಹುತೇಕ ಪೂರ್ತಿ ಸಿಸ್. ಅದಕ್ಕೇ ಅಷ್ಟು ಹಿಗ್ಗುತ್ತದೆ. ಇದೇ ಐಸೊಪ್ರೀನ್ ಟ್ರಾನ್ಸ್ ಆಗಿ ಕೂತರೆ ಸಿಗೋದು ಗಟ್ಟಿಯಾದ ಗಟಾಪರ್ಚಾ. 19ನೇ ಶತಮಾನದಲ್ಲಿ ಸಮುದ್ರದಡಿಯ ಟೆಲಿಗ್ರಾಫ್ ತಂತಿಗಳಿಗೆ ಹೊದಿಸಿದ್ದು ಅದನ್ನೇ. ಹಲ್ಲಿನ ಡಾಕ್ಟರು ರೂಟ್ ಕೆನಾಲ್ ಮಾಡಿ ಬೇರಿನೊಳಗೆ ತುಂಬುವ ಸಣ್ಣ ಕಡ್ಡಿಗಳಲ್ಲಿ ಇವತ್ತಿಗೂ ಅದೇ ಇದೆ. ಸೋಡಿಯಂ ವಿಧಾನದಲ್ಲಿ ಕೊಂಡಿಗಳು ಮನಬಂದಂತೆ ಕೂರುತ್ತಿದ್ದವು, ಕೆಲವು ಅಡ್ಡಕ್ಕೂ ಅಂಟಿಕೊಳ್ಳುತ್ತಿದ್ದವು.

ಎರಡನೇ ಮಹಾಯುದ್ಧದಲ್ಲಿ ಆಗ್ನೇಯ ಏಷ್ಯಾ ಜಪಾನಿನ ಕೈಸೇರಿ ಅಮೆರಿಕಕ್ಕೆ ರಬ್ಬರ್ ತಪ್ಪಿತು. ಅಲ್ಲಿನವರು ಐಸೊಪ್ರೀನಿನ ಹಿಂದೆ ಹೋಗಲಿಲ್ಲ, ಬ್ಯುಟಡೈಯೀನ್ ಮತ್ತು ಸ್ಟೈರೀನ್ ಎಂಬ ಬೇರೆ ಎರಡು ರಾಸಾಯನಿಕ ಸೇರಿಸಿ ಕೆಲಸ ಸಾಗಿಸಿದರು. ಟ್ಯೂಬುಗಳಿಗೆ ಬಳಸಿದ ಬ್ಯುಟೈಲ್ ರಬ್ಬರಿನಲ್ಲಿ ಮಾತ್ರ ಐಸೊಪ್ರೀನ್ ಚಿಟಿಕೆಯಷ್ಟು ಇತ್ತು, ಸರಪಳಿಗಳನ್ನು ಒಂದಕ್ಕೊಂದು ಬಿಗಿಯುವ ಗಂಧಕ ಹಿಡಿದುಕೊಳ್ಳಲಿ ಅಂತ.

ಬಾಗಿಲು ತೆರೆದದ್ದು 1954ರಲ್ಲಿ. ಜರ್ಮನಿಯ ರಸಾಯನಶಾಸ್ತ್ರಜ್ಞ ಕಾರ್ಲ್ ಝೀಗ್ಲರ್ ಆಗಷ್ಟೇ ಅಲ್ಯುಮಿನಿಯಂ, ಟೈಟಾನಿಯಂ ಸಂಯುಕ್ತಗಳ ಹೊಸ ವೇಗವರ್ಧಕ ಕಂಡುಹಿಡಿದಿದ್ದರು. ಅಮೆರಿಕದ ಗುಡ್‌ರಿಚ್ ಕಂಪನಿಯ ಸ್ಯಾಮ್ಯುಯೆಲ್ ಹಾರ್ನ್ ಅದನ್ನು ಐಸೊಪ್ರೀನ್ ಮೇಲೆ ಪ್ರಯೋಗಿಸಿದರು. ಕೊಂಡಿಗಳು ಒಂದೇ ಮಗ್ಗುಲಾಗಿ ಸಾಲುಗಟ್ಟಿದವು. ಫೈರ್‌ಸ್ಟೋನ್ ಕಂಪನಿಯವರು ಲಿಥಿಯಂ ಬಳಸಿ ಬಹುತೇಕ ಅದೇ ಜಾಗ ತಲುಪಿದರು. ಸಿಸ್ ರಬ್ಬರ್ ಕೊನೆಗೂ ಗಾಜಿನ ಪಾತ್ರೆಯಲ್ಲಿ ಹುಟ್ಟಿತ್ತು.

ಈಗ ಐಸೊಪ್ರೀನ್ ಹೆಚ್ಚಾಗಿ ಬರೋದು ಕಚ್ಚಾ ತೈಲದಿಂದ ಸಿಗುವ ನ್ಯಾಫ್ತಾ ಒಡೆದು, ಪ್ಲಾಸ್ಟಿಕ್ಕಿಗೆ ಬೇಕಾದ ಎಥಿಲೀನ್ ಮಾಡುವಾಗ, ಜೊತೆಗೆ ಸಿಗುವ ಸ್ವಲ್ಪ ಪಾಲಾಗಿ. ನ್ಯಾಫ್ತಾ ಬದಲು ಈಥೇನ್ ಅನಿಲ ಬಳಸಿದರೆ ಆ ಪಾಲೂ ಕುಗ್ಗುತ್ತದೆ. ಈ ಐಸೊಪ್ರೀನಿನಿಂದ ಮಾಡಿದ ರಬ್ಬರಿಗೆ ಆಸ್ಪತ್ರೆಯಲ್ಲಿ ದೊಡ್ಡ ಬೆಲೆಯಿದೆ. ಮರದ ಹಾಲಿನಲ್ಲಿರುವ ಪ್ರೊಟೀನು ಇದರಲ್ಲಿಲ್ಲ, ಹಾಗಾಗಿ ಲೇಟೆಕ್ಸ್ ಅಲರ್ಜಿ ಇರುವವರೂ ಈ ಕೈಗವಸು ಹಾಕಿಕೊಳ್ಳಬಹುದು. ಆದರೆ ವಿಮಾನದ ಟೈರಿಗೆ ಇಂದಿಗೂ ಮರದ ರಬ್ಬರೇ ಜಾಸ್ತಿ ಬೇಕು. ಜೋರಾಗಿ ಎಳೆದಾಗ ಅದರ ಸರಪಳಿಗಳು ಹರಳುಗಟ್ಟಿ ಸೀಳನ್ನು ತಡೆಯುತ್ತವೆ. ಕಾರ್ಖಾನೆಯ ಸರಕು ಅಲ್ಲಿ ಇನ್ನೂ ಒಂದು ಹೆಜ್ಜೆ ಹಿಂದಿದೆ.

ಇನ್ನು ಮರದ ವಿಷಯ. ಓಕ್, ನೀಲಗಿರಿಯಂಥ ಮರಗಳು ಬಿಸಿಲೇರಿದಂತೆ ಎಲೆಗಳಿಂದ ಐಸೊಪ್ರೀನ್ ಬಿಡುತ್ತವೆ. ಅದು ಎಲೆಗೆ ಬಿಸಿ ತಡೆಯಲು ನೆರವಾಗುತ್ತದೆ. ಭೂಮಿಯ ಗಿಡಮರಗಳೆಲ್ಲ ಸೇರಿ ವರ್ಷಕ್ಕೆ ಬಿಡುವುದು ಸುಮಾರು 50 ಕೋಟಿ ಟನ್. ರಬ್ಬರ್ ಮರ ಮಾತ್ರ ತನ್ನ ರಬ್ಬರಿಗೆ ಈ ಬಿಡಿ ಐಸೊಪ್ರೀನನ್ನು ಮುಟ್ಟುವುದೇ ಇಲ್ಲ. ಫಾಸ್ಫೇಟ್ ಅಂಟಿಕೊಂಡ ಅದರ ಸೋದರ ಅಣುವೊಂದನ್ನು ಕಿಣ್ವದ ಕೈಗೆ ಕೊಡುತ್ತದೆ. ಕಿಣ್ವ ಒಂದೊಂದೇ ಕೊಂಡಿ ಹಿಡಿದು, ಮಗ್ಗುಲು ನೋಡಿ ಕೂರಿಸುತ್ತಾ ಹೋಗುತ್ತದೆ.